ತಡಬೆ ಇಲ್ಲದ ಮೂರು ಬೇಲಿ

ತುದಿಮನೆಯವಳ ದಾರಿ ಮುಚ್ಚಿದವರು ನಾವು ಮೂರು ಮನೆಯವರು. ಹಂದಿಯೂ ಅಲ್ಲ, ಸೋಲಾರ್ ಬೇಲಿಯೂ ಅಲ್ಲ, ಸರ್ಕಾರವೂ ಅಲ್ಲ. ಒಂದು ಸಾಲಿನ ಕಟ್ಟಳೆಯನ್ನು ಕೈ ಎತ್ತಿ ಬದಲಾಯಿಸಿದೆವು. ಆಮೇಲೆ ಮೂವರೂ ಆ ಹೊಸ ಕಟ್ಟಳೆಗೆ ಒಂದಿಷ್ಟೂ ತಪ್ಪದ ಹಾಗೆ ನಡೆದುಕೊಂಡೆವು. ಹಾಗೆ ನಡೆದುಕೊಂಡೇ ಅವಳನ್ನು ಸಾಯುವ ಹಂತಕ್ಕೆ ತಂದೆವು. ಈಗ ಕೇಳಿದರೆ 'ಅವಳ ಗ್ರಹಚಾರ' ಅನ್ನುವವರಿದ್ದಾರೆ. ಗ್ರಹಕ್ಕೂ ಬೇಲಿಗೂ ಏನು ಸಂಬಂಧ? ಬೇಲಿ ಹಾಕಿದವನು ನನ್ನ ಮಗ, ಹಾಕು ಎಂದವಳು ನಾನು.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದು ನಿಧಾನ, ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯಲು ಅಷ್ಟು ಸಾಕು.

ನಮ್ಮದು ತೀರ್ಥಹಳ್ಳಿ ತಾಲೂಕು, ಅರಳಸುರಳಿಯ ಕಡೆ. ಮೇಲೆ ಟಾರು ರಸ್ತೆ, ಅದರ ತಿರುವಿನಲ್ಲಿ ಹಾಲಿನ ಡೈರಿ. ಬಸ್ಸು ನಿಲ್ಲುವುದು ಅಲ್ಲೇ. ರಸ್ತೆಯಿಂದ ಕೆಳಕ್ಕೆ ಇಳಿಜಾರಿನಲ್ಲಿ ನಮ್ಮ ಮನೆಗಳು. ಎಲ್ಲರಿಗಿಂತ ಕೆಳಗೆ, ಹಳ್ಳದ ಪಕ್ಕಕ್ಕೆ ತುದಿಮನೆ. ಹಳ್ಳದ ಆಚೆ ಬರೀ ಕಾಡು. ತುದಿಮನೆಗೆ ಗಾಡಿ ಹೋಗುವ ರಸ್ತೆ ಎಂದೂ ಇರಲಿಲ್ಲ. ಅವಳ ಮಗನ ಬೈಕು ಕೂಡ ಡೈರಿಯ ಹಿಂದೆಯೇ ನಿಲ್ಲುತ್ತದೆ. ಆದರೆ ನಡೆದು ಹತ್ತಲು ಮೂರು ಕಾಲುದಾರಿ ಇದ್ದವು. ಎಡಗಡೆಗೆ ತೋಟದ ಮನೆಯವರ ಅಡಿಕೆ ತೋಟದ ಅಂಚಿನಲ್ಲಿ ಒಂದು. ನಡುವೆ ನಮ್ಮ ಹಕ್ಕಲಿನಲ್ಲಿ ಒಂದು. ಹಕ್ಕಲೆಂದರೆ ಮನೆಯ ಕೆಳಗಿನ ಖುಷ್ಕಿ ಜಾಗ, ಗೆಣಸು ಶುಂಠಿ ಹಾಕುತ್ತೇವೆ. ಬಲಗಡೆಗೆ ರಿಟೈರಾದ ಮೇಷ್ಟ್ರ ಗದ್ದೆಯ ಅಂಚಿನ ಮೇಲೆ ಮೂರನೆಯದು.

ತುದಿಮನೆಯವಳು ನನಗಿಂತ ಆರೇಳು ವರ್ಷಕ್ಕೆ ಚಿಕ್ಕವಳು. ಅವಳ ಕಿಡ್ನಿ ಹೋಗಿ ಎರಡು ವರ್ಷವಾಯಿತು. ಮಂಗಳವಾರ, ಶುಕ್ರವಾರ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆಳಿಗ್ಗೆ ಏಳೂಕಾಲರ ಬಸ್ಸು ಹಿಡಿದರೆ ಮೆಷಿನ್ ಸಿಗುತ್ತದೆ, ತಪ್ಪಿದರೆ ಇಲ್ಲ. ಮಗ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ. ಕೊಯ್ಲಿನ ಕಾಲಕ್ಕೆ ಸಾಗರದ ಕಡೆಯ ತೋಟಗಳಿಗೆ ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುತ್ತಾನೆ. ಸೊಸೆಗೆ ಕೈಗೂಸು. ಹಾಗಾಗಿ ಇವಳು ಒಬ್ಬಳೇ ಒಂದು ಬಟ್ಟೆಚೀಲ ಹಿಡಿದುಕೊಂಡು ಏರು ಹತ್ತುತ್ತಾಳೆ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾಳೆ, ಮತ್ತೆ ನಾಲ್ಕು ಹೆಜ್ಜೆ. ಬಸ್ಸು ತಪ್ಪಿಸಿದ್ದು ಮಾತ್ರ ಇಲ್ಲ.

ಈಗ ಹಳೆಯ ಕಟ್ಟಳೆಯ ಮಾತು. ಅದನ್ನು ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ. ದಾರಿಗೆ ಅಡ್ಡ ಬೇಲಿ ಹಾಕಿದವನು ತಡಬೆ ಹಾಕಬೇಕು, ಅಷ್ಟೇ. ತಡಬೆ ಎಂದರೆ ಬೇಲಿ ದಾಟುವ ಜಾಗ. ಈಚೆಗೆ ಒಂದೆರಡು ಮೆಟ್ಟಿಲ ಕಲ್ಲು, ಆಚೆಗೆ ಒಂದೆರಡು, ನಡುವೆ ಕವಲುಮರ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ದಾಟುವುದಿಲ್ಲ. ನಮ್ಮ ದೊಡ್ಡಕ್ಕನನ್ನು ಸಾಗರದ ಕಡೆ ಕೊಟ್ಟಿದ್ದು, ಅಲ್ಲಿ ಅಡ್ಡ ಹಾಕಿದ ಬಿದಿರಿನ ಗಳು ಸರಿಸಿ ದಾಟುವ ದಣಪೆ. ಆಕಾರ ಬೇರೆ, ಕಟ್ಟಳೆ ಅದೇ. ಬೇಲಿ ನಿನ್ನದು, ದಾರಿ ನಡೆಯುವವರದ್ದು.

ನನ್ನ ತವರು ಹೊಸನಗರದ ಕಡೆ. ನಾನು ಚಿಕ್ಕವಳಿದ್ದಾಗ ಅಣೆಕಟ್ಟಿನ ನೀರಿಗೆ ನಮ್ಮ ಊರಿನ ಅರ್ಧ ಮುಳುಗಡೆಯಾಯಿತು. ನೀರು ಬಂದ ಮೇಲೆ ಗುಡ್ಡದ ಮೇಲಕ್ಕೆ ಹೋಗಿ ಹೊಸದಾಗಿ ಮನೆ ಕಟ್ಟಿಕೊಂಡೆವು. ಹಳೆಯ ಒಂದೇ ಒಂದು ದಾರಿ ಉಳಿದಿರಲಿಲ್ಲ. ನಕ್ಷೆ ಯಾರೂ ಬರೆಯಲಿಲ್ಲ, ಮೀಟಿಂಗ್ ಯಾರೂ ಮಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಬೇಲಿಗೆ ಒಂದು ತಡಬೆ ಹಾಕಿದರು. ಮುಂದಿನ ಮಳೆಗಾಲದ ಹೊತ್ತಿಗೆ ಯಾವ ಮನೆಯಿಂದ ಯಾವ ಮನೆಗೆ ಬೇಕಾದರೂ ಹೋಗಬಹುದಿತ್ತು. ದಾರಿ ತಾನಾಗಿ ಹುಟ್ಟಿತು ಎಂದು ಜನ ಹೇಳುತ್ತಾರೆ. ತಾನಾಗಿ ಹುಟ್ಟಿದ್ದಲ್ಲ, ಕಟ್ಟಳೆ ಹುಟ್ಟಿಸಿದ್ದು.

ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಅದನ್ನೇ ಕಂಡೆ. ಇಲ್ಲೇ ಮೇಲಿನ ಓಣಿಯಲ್ಲಿ ಅಣ್ಣ ತಮ್ಮ ಪಾಲಾಗಿ ಹನ್ನೊಂದು ವರ್ಷ ಮುಖ ನೋಡಲಿಲ್ಲ. ಒಬ್ಬ ಸತ್ತರೂ ಇನ್ನೊಬ್ಬ ಹೋಗಲಿಲ್ಲ. ಆದರೆ ಇಬ್ಬರ ನಡುವಿನ ಬೇಲಿಯಲ್ಲಿ ತಡಬೆ ಇತ್ತು. ಒಂದು ವರ್ಷ ಅದರ ಕವಲು ಮುರಿದಾಗ ಅಣ್ಣ ಬೈದುಕೊಳ್ಳುತ್ತಲೇ ಹೊಸ ಕವಲು ನೆಟ್ಟ. ಯಾಕೆ ನೆಟ್ಟೆ ಎಂದು ಕೇಳಿದ್ದಕ್ಕೆ, 'ಅವ್ನಿಗಲ್ಲ, ದಾರೀಗೆ' ಅಂದನಂತೆ. ನನ್ನ ಅತ್ತೆ ಬಾಯಿ ಹರಿದವರು, ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ನಾನು ಬಸುರಿಯಾಗಿದ್ದಾಗ ಮಾತ್ರ ಯಾರಿಗೂ ಹೇಳದೆ ಹಕ್ಕಲಿನ ತಡಬೆಗೆ ಇನ್ನೊಂದು ತಗ್ಗು ಕಲ್ಲು ತಂದು ಹಾಕಿದರು. ಅದೂ ದಾರಿಗೇ.

ಇಷ್ಟು ವರ್ಷದಲ್ಲಿ ದಾರಿಗಳು ಸರಿದಿವೆ. ಗದ್ದೆ ತೋಟವಾಯಿತು, ತೋಟ ಸೈಟಾಯಿತು, ದಾರಿ ಆಚೆಗೆ ಈಚೆಗೆ ಹೋಯಿತು. ಕಡಿದದ್ದು ಮಾತ್ರ ಇಲ್ಲ.

ಹೋದ ವರ್ಷ ಹಂದಿ ಕಾಟ ವಿಪರೀತವಾಯಿತು. ನಮ್ಮ ಗೆಣಸಿನ ಏರಿಯನ್ನು ಟ್ರ್ಯಾಕ್ಟರ್ ಹೊಡೆದ ಹಾಗೆ ಮಾಡಿ ಹೋದವು. ಮೇಷ್ಟ್ರ ಗದ್ದೆಯಲ್ಲಿ ತೆನೆ ಕಟ್ಟಿದ ಬತ್ತದ ಮೇಲೆ ಹೊರಳಾಡಿ ಹೋಗಿದ್ದವು. ತೋಟದ ಮನೆಯವರ ಎಳೆ ಬಾಳೆ ಒಂದೂ ಉಳಿಯಲಿಲ್ಲ. ಸೋಲಾರ್ ಬೇಲಿ ಹಾಕಿಸುವುದೇ ಸೈ ಎಂದಾಯಿತು. ಬೇಲಿ ಹಾಕುವವನು ಶಿವಮೊಗ್ಗದಿಂದ ಬಂದು ಜಾಗ ನೋಡಿಕೊಂಡು ಹೋದ. ತಡಬೆ ಕಂಡು ಮೂಗು ಮುರಿದ.

"ಇದೆಲ್ಲ ಇಟ್ಕೊಂಡ್ರೆ ಬೇಲಿ ಹಾಕಿ ಏನ್ ಪ್ರಯೋಜನ? ತಂತಿ ತುಂಡಾಗಬಾರ್ದು. ಒಂದ್ ಕಡೆ ಬಿಟ್ರೆ ಹಂದಿ ಅಲ್ಲೇ ನುಗ್ಗೋದು."

ಡೈರಿಯ ಜಗಲಿಯಲ್ಲಿ ಊರವರು ಕೂತೆವು. ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದಿದ್ದರು. ಅವರಿಗೆ ಎಲ್ಲವನ್ನೂ ಬರೆದಿಡಬೇಕು. ಸ್ವಲ್ಪ ಹೊತ್ತು ಮಾತಾಡಿ, ತಲೆ ಕೆರೆದು, ಬರೆದು, ಗಟ್ಟಿಯಾಗಿ ಓದಿದರು. ದಾರಿಗೆ ಅಡ್ಡವಾಗಿ ಬೇಲಿ ಹಾಕುವವರು ಇನ್ನು ಮುಂದೆ, ನಡೆಯುವವರಿಗೆ ಬೇರೆ ದಾರಿ ಇದ್ದ ಪಕ್ಷದಲ್ಲಿ, ದಾಟು ಬಿಡಬೇಕಾಗಿಲ್ಲ.

"ಬೇರೆ ದಾರಿ ಇದ್ರೆ ಮಾತ್ರ," ಎಂದು ಬೆರಳೆತ್ತಿ ಇನ್ನೊಮ್ಮೆ ಹೇಳಿದರು. "ಯಾರಿಗೂ ಅನ್ಯಾಯ ಆಗ್ಬಾರ್ದು ನೋಡಿ."

ಕೇಳಲಿಕ್ಕೆ ಎಷ್ಟು ಚಂದ! ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಗೆಣಸು ಹೋದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ದಿನ ಶುಕ್ರವಾರ. ತುದಿಮನೆಯವಳು ಆಸ್ಪತ್ರೆಯಲ್ಲಿ ಮೆಷಿನ್ನಿನ ಪಕ್ಕ ಮಲಗಿದ್ದಳು. ಎಲ್ಲರಿಗಿಂತ ಹೆಚ್ಚು ನಡೆಯುವವಳು ಅವಳೇ, ಅವಳೊಬ್ಬಳು ಮೀಟಿಂಗಿನಲ್ಲಿ ಇರಲಿಲ್ಲ. ಅವಳನ್ನು ಕೇಳಬೇಕು ಎಂದು ಒಂದು ನರಪಿಳ್ಳೆಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಈ ವರ್ಷ ಕಾರ್ತೀಕದಲ್ಲಿ ಬೇಲಿಯ ಜನ ಬಂದರು. ಒಂದೇ ಸಲ ಮೂರು ಮನೆಯ ಕೆಲಸ ಮುಗಿಸಿದರೆ ಅವರಿಗೆ ಓಡಾಟ ಕಡಿಮೆ. ಹಾಗಾಗಿ ಬುಧವಾರ ಶುರುಮಾಡಿ ಗುರುವಾರ ಸಂಜೆಗೆ ಮೂರು ಕಡೆಯೂ ತಂತಿ ಎಳೆದು ಕರೆಂಟು ಬಿಟ್ಟು ಹೋದರು. ನಮ್ಮ ಹಕ್ಕಲಿನ ತಡಬೆಯ ಹತ್ತಿರ ಬಂದಾಗ ಮಗ ಕೇಳಿದ, "ಅಮ್ಮಾ, ಇದನ್ನ ಎಂತ ಮಾಡಾದು?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ತೋಟದ ದಾರಿ ಇದ್ಯಲ್ಲ, ಗದ್ದೆ ದಾರಿನೂ ಇದೆ. ಎಳೀರಿ ತಂತಿ."

ಹೌದು, ತೋಟದ ಮನೆಯವರೂ ಬೇಲಿ ಹಾಕಿಸುತ್ತಿದ್ದಾರೆ ಎಂದು ಗೊತ್ತಿತ್ತು. ಅವರು ದಾಟು ಬಿಡುತ್ತಾರೆ ಎಂದುಕೊಂಡೆ. ಅವರು, 'ಅಜ್ಜಿ ಹಕ್ಕಲಲ್ಲಿ ದಾರಿ ಇದ್ದೇ ಇರುತ್ತೆ' ಎಂದುಕೊಂಡರಂತೆ. ಮೇಷ್ಟ್ರು ಗದ್ದೆಯ ಅಂಚಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯುವ ಮುಂಚೆ ಬೆರಳು ಮಡಿಚಿ ಎಣಿಸಿದ್ದರಂತೆ, ಇನ್ನೂ ಎರಡು ದಾರಿ ಇದೆ ಎಂದು. ಮೂವರ ಲೆಕ್ಕವೂ ಸರಿ. ಸುಳ್ಳು ಯಾರೂ ಹೇಳಲಿಲ್ಲ. ಥೂ, ಸುಳ್ಳು ಹೇಳಿದ್ದರಾದರೂ ಹಿಡಿದು ಬೈಯಬಹುದಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಕೊಟ್ಟಿಗೆಯ ಸಗಣಿ ಬಾಚಿ ಹಕ್ಕಲಿಗೆ ಹಾಕಲು ಇಳಿದಿದ್ದೆ. ಹೊಸ ತಂತಿ ಟಿಕ್ ಟಿಕ್ ಅನ್ನುತ್ತಿತ್ತು. ತಂತಿಯ ಆಚೆಗೆ ತುದಿಮನೆಯವಳು ನಿಂತಿದ್ದಳು, ಕಂಕುಳಲ್ಲಿ ಬಟ್ಟೆಚೀಲ. ಬಂದು ಎಷ್ಟು ಹೊತ್ತಾಗಿತ್ತೋ ಏನೋ, ಕರೆದಿರಲಿಲ್ಲ. ಉಸಿರು ತೆಗೆದುಕೊಳ್ಳುತ್ತಿದ್ದಳು.

"ಅಕ್ಕಾ, ಎಲ್ಲಿ ದಾಟೋದು?" ಅಂದಳು.

"ಎಂತಕ್ಕೆ ಈ ಕಡೆ ಬಂದೆ ಮಾರಾಯ್ತಿ? ತೋಟದ ದಾರೀಲಿ ಹೋಗಾದಲ್ವಾ?"

"ಅಲ್ಲಿ ತಂತಿ."

"ಹಂಗಾರೆ ಗದ್ದೆ ಅಂಚಿನ ಮೇಲೆ ಹೋಗು."

"ಅಲ್ಲಿ ಗೇಟು, ಬೀಗ. ಎರಡೂ ನೋಡ್ಕಂಡೇ ಇಲ್ಲಿಗ್ ಬಂದಿದ್ದು."

ನಾನು ಸಗಣಿ ಬುಟ್ಟಿಯನ್ನು ಕೆಳಗಿಟ್ಟೆ. ಆಗ ಗೊತ್ತಾಯಿತು. ಓದು ಬರಹ ಏನೂ ಬೇಡ ಅದಕ್ಕೆ. ಒಂದು ದಾರಿಯನ್ನು ಇನ್ನೆರಡು ದಾರಿಯ ಧೈರ್ಯದ ಮೇಲೆ ಮುಚ್ಚಿದ್ದೆವು, ಆ ಎರಡನ್ನೂ ಅದೇ ಧೈರ್ಯದ ಮೇಲೆ ಮುಚ್ಚಿದ್ದರು.

ಬೇಲಿಯ ಸ್ವಿಚ್ಚು ಬ್ಯಾಟರಿ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಬೀಗದ ಕೈ ಮಗನ ಜೇಬಿನಲ್ಲಿ, ಮಗ ಶುಂಠಿ ಮೂಟೆಯ ಜೊತೆ ತೀರ್ಥಹಳ್ಳಿಯಲ್ಲಿ. ಮೇಷ್ಟ್ರನ್ನು ಕರೆದು ಗೇಟು ತೆಗೆಸೋಣವೆಂದರೆ, ಅವಳು ಮತ್ತೆ ಇಳಿದು ಆ ಕಡೆಯಿಂದ ಹತ್ತುವಷ್ಟು ಹೊತ್ತಿಲ್ಲ. ಫೋನ್ ಮಾಡಿದೆ. "ಅಮ್ಮಾ, ಮುಟ್ಟಬೇಡ, ಈಗ ಹೊರಟೆ," ಅಂದ. ಆ ಕರೆಂಟು ಸಾಯಿಸುವಂಥದ್ದಲ್ಲ, ಹೊಡೆದು ಕೆಡವುವಂಥದ್ದು. ಅವಳ ಎಡಗೈಯಲ್ಲಿ ಡಯಾಲಿಸಿಸ್ಸಿನ ಸೂಜಿಗೆಂದು ಡಾಕ್ಟರು ಕೂಡಿಸಿದ ನರ ಊದಿಕೊಂಡಿದೆ. ಅದಕ್ಕೆ ಬಳೆ ಕೂಡ ತಾಗಬಾರದು. ಅಂಥ ಕೈಯವಳನ್ನು ತಂತಿಯ ನಡುವೆ ನುಸುಳು ಎಂದು ಹೇಗೆ ಹೇಳುವುದು? ಒಂದು ಹಸಿ ಬಿದಿರ ಕೋಲು ಹುಡುಕಿ ತಂತಿ ಮೇಲೆತ್ತಲು ನೋಡಿದೆ, ಕೈ ಜುಮ್ಮೆಂದು ಬಿದ್ದೆ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಹಾರ್ನ್ ಕೇಳಿತು. ಆ ಡ್ರೈವರಿಗೆ ಅವಳು ಗೊತ್ತು. ಮಂಗಳವಾರ ಶುಕ್ರವಾರ ಒಂದು ನಿಮಿಷ ಹೆಚ್ಚು ನಿಲ್ಲಿಸುತ್ತಾನೆ. ಅವತ್ತೂ ನಿಲ್ಲಿಸಿದ. ಇನ್ನೆರಡು ಸಲ ಹಾರ್ನ್ ಹಾಕಿ ಹೋದ.

ಅವಳು ಕಲ್ಲಿನ ಮೇಲೆ ಕೂತಳು. ಅದು ಹಳೆಯ ತಡಬೆಯ ಕಲ್ಲೇ, ನನ್ನ ಅತ್ತೆ ತಂದು ಹಾಕಿದ್ದು.

"ಹೋಗ್ಲಿ ಬಿಡಿ ಅಕ್ಕಾ," ಅಂದಳು. "ನಿಮ್ ಗೆಣಸು ತಿನ್ನಾಕೆ ಬಂದ ಹಂದಿ ಅಂತ ತಿಳ್ಕಳಿ. ಬೇಲಿ ಚಲೋ ಕೆಲಸ ಮಾಡ್ತು."

ಅವಳು ನಗುತ್ತಿದ್ದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಮಗ ಬಂದು ಸ್ವಿಚ್ಚು ಆರಿಸಿ ತಂತಿ ಸಡಿಲಿಸಿ ಅವಳನ್ನು ದಾಟಿಸಿದ. ಹತ್ತರ ನಂತರದ ಬಸ್ಸಿಗೆ ಹೋದಳು. ಅವಳ ಮೆಷಿನ್ನನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಅವರದ್ದು ತಪ್ಪಲ್ಲ. ಕಾಯುವವರು ಎಷ್ಟೋ ಜನ. ಮಂಗಳವಾರ ಬನ್ನಿ, ಅಲ್ಲಿವರೆಗೆ ನೀರು ಕಡಿಮೆ ಕುಡೀರಿ ಎಂದು ಕಳಿಸಿದರು.

ಸಂಜೆ ಮಗ ತಂತಿಯನ್ನು ವಾಪಸು ಬಿಗಿದ. ನಾನು ಸುಮ್ಮನೆ ನೋಡುತ್ತಾ ನಿಂತೆ. ಇದನ್ನು ಬರೆಯದೆ ಬಿಟ್ಟರೆ ಈ ಬರಹವೇ ಸುಳ್ಳು. ಕಣ್ಣಾರೆ ಕಂಡ ಮೇಲೂ ನಾನು ಬೇಲಿ ಬಿಚ್ಚಿಸಲಿಲ್ಲ. ಇನ್ನಿಬ್ಬರಲ್ಲಿ ಒಬ್ಬರು ಬಿಡಲಿ, ನಾನೇ ಯಾಕೆ ಮೊದಲು ಬಿಡಬೇಕು, ನನ್ನ ಗೆಣಸು ಈಗ ತಾನೆ ಬಲಿಯುತ್ತಿದೆ ಎಂದು ಒಳಗೆ ಒಂದು ದರಿದ್ರ ಲೆಕ್ಕ.

ಶನಿವಾರ ತೋಟದ ಮನೆಗೆ ಹೋದೆ. ಅವರಪ್ಪನನ್ನು ನನ್ನ ಅತ್ತೆ 'ಒಡೆಯರೆ' ಅನ್ನುತ್ತಿದ್ದರು. ನಾನು ಇವರನ್ನು ಮಾರಾಯ್ರೆ ಅನ್ನುತ್ತೇನೆ. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು.

"ಮಾರಾಯ್ರೆ, ತೋಟದ ದಾರಿ ಯಾಕ್ ಮುಚ್ಚಿದ್ರಿ?"

"ನಿಮ್ ಹಕ್ಕಲಲ್ಲಿ ದಾರಿ ಇತ್ತಲ್ಲ."

"ನಿಮ್ ತೋಟದಲ್ಲಿ ದಾರಿ ಇದೆ ಅಂತ ನಾ ಅದನ್ನ ಮುಚ್ಚಿದೆ."

ಅವರು ಚಾದ ಲೋಟವನ್ನು ಕೆಳಗಿಟ್ಟರು. ಒಳಗಿನಿಂದ ಅವರ ಹೆಂಡತಿ ತಮ್ಮ ಮನೆಮಾತಿನಲ್ಲಿ, "ಎಂತ ಆತು?" ಎಂದು ಕೇಳಿದರು. ಇವರು ಹೇಳಿದರು. "ಅಯ್ಯೋ ದೇವರೇ, ಎಂಗಕ್ಕೆ ಗೊತ್ತೇ ಇಲ್ಲೆ," ಅಂದಿತು ಒಳಗಿನ ದನಿ. ನಿಜ, ಗೊತ್ತಿರಲಿಲ್ಲ. ಯಾರಿಗೆ ಗೊತ್ತಿತ್ತು? ಕೊನೆಗೆ ತೋಟದ ಮನೆಯವರು, "ಸೋಮವಾರ ಮೀಟಿಂಗ್ ಕರಿಯಾಣ, ಅಲ್ಲೇ ಒಂದು ತೀರ್ಮಾನ ಆಗ್ಲಿ," ಅಂದರು. ಮಂಗಳವಾರಕ್ಕೆ ಇನ್ನೂ ಮೂರು ದಿನ ಇದೆಯಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡು ಬಂದೆ.

ಮೈಯೊಳಗಿನ ನೀರು ಮೀಟಿಂಗಿಗೆ ಕಾಯುತ್ತದೆಯೇ? ಭಾನುವಾರ ಮಧ್ಯಾಹ್ನ ಅವಳ ಸೊಸೆ ಮಗುವನ್ನು ಎತ್ತಿಕೊಂಡು ತಂತಿಯ ಆಚೆಯಿಂದ ಕೂಗಿದಳು. ಅತ್ತೆಗೆ ಉಸಿರೇ ಹತ್ತುತ್ತಿಲ್ಲ, ಮಲಗಲು ಆಗುತ್ತಿಲ್ಲ, ಮುಖ ಊದಿದೆ. ನನ್ನ ಮಗ ಸ್ವಿಚ್ಚು ಆರಿಸಿ ಇಳಿದ. ತೋಟದ ಮನೆಯಿಂದ ಇಬ್ಬರು ಆಳು ಬಂದರು. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ನನ್ನ ಬೇಲಿ ದಾಟಿಸಿದರು. ಮೇಷ್ಟ್ರು ಬಾಡಿಗೆ ಗಾಡಿ ತರಿಸಿ ತಾವೇ ಜೊತೆಗೆ ಹೋದರು, ಶಿವಮೊಗ್ಗಕ್ಕೆ. ಕೆಟ್ಟವರಲ್ಲ ಮೇಷ್ಟ್ರು. ಗೇಟಿಗೆ ಬೀಗ ಹಾಕಿದ ಕೈಯಲ್ಲೇ ಅವಳ ಬೆನ್ನು ಸವರುತ್ತಾ ಹೋದರು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟೊಂದು ಒಳ್ಳೆಯವರು ಸೇರಿ ಇಂಥ ಕೆಲಸ ಮಾಡಿದೆವಲ್ಲ!

ರಾತ್ರಿಯೆಲ್ಲ ಅಲ್ಲಿಟ್ಟುಕೊಂಡು ನೀರು ತೆಗೆದರಂತೆ. ಬದುಕಿದಳು. ಸಾಗರದಿಂದ ಅವಳ ಮಗ ಓಡಿಬಂದ. ಸೋಮವಾರ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಮನೆಗೆ ಇಳಿಸಿದರು. ಮಂಗಳವಾರದ್ದು ಯಾವ ಕಾರಣಕ್ಕೂ ತಪ್ಪಿಸಬೇಡಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅವಳು ಇಳಿದು ಹೋದ ಮೇಲೆ ತಂತಿ ಮತ್ತೆ ಬಿಗಿಯಾಯಿತು. ಸಂಜೆ ಮೀಟಿಂಗ್ ಇದೆಯಲ್ಲ!

ಮೀಟಿಂಗಿಗೆ ಡೈರಿಯ ಜಗಲಿ ತುಂಬಿತ್ತು. ಮೇಷ್ಟ್ರು ಪುಸ್ತಕ ತೆಗೆದು ಆ ಸಾಲನ್ನು ಓದಿದರು. ಅವರ ದನಿ ಸ್ವಲ್ಪ ಇಳಿದಿತ್ತು.

"ರೂಲ್ಸ್ ಪ್ರಕಾರ ನೋಡಿದ್ರೆ ಯಾರದ್ದೂ ತಪ್ಪಿಲ್ಲ," ಅಂದರು.

"ಅದೇ ನಾ ಕೇಳ್ತಿರೋದು ಮೇಷ್ಟ್ರೇ," ಎಂದೆ. "ಯಾರ ತಪ್ಪೂ ಇಲ್ದೆ ದಾರಿ ಹೆಂಗ್ ಮುಚ್ಚಿತು?"

"ಅದು ಆಕಸ್ಮಿಕ ಅಜ್ಜಿ."

ಆಕಸ್ಮಿಕ! ನಾನು ಮಡಿಲಲ್ಲಿ ಸಿಪ್ಪೆ ಸುಲಿಯದ ಅಡಿಕೆ ಕಟ್ಟಿಕೊಂಡು ಹೋಗಿದ್ದೆ, ಮತ್ತೆ ಪೊರಕೆಯಿಂದ ಕಿತ್ತ ಮೂರು ತೆಂಗಿನ ಕಡ್ಡಿ. ಜಗಲಿಯ ನೆಲದ ಮೇಲೆ ಅಡಿಕೆ ಇಟ್ಟೆ. ಇದು ರಸ್ತೆ, ಇದು ತುದಿಮನೆ. ನಡುವೆ ತೋಟದ ಮನೆ, ನಮ್ಮ ಮನೆ, ಮೇಷ್ಟ್ರ ಮನೆ. ಮೂರು ಕಡ್ಡಿ ಇಟ್ಟೆ, ಮೂರು ದಾರಿ. ಕೆಲವರು ನಕ್ಕರು. "ಅಜ್ಜಿ ಚನ್ನೆಮಣೆ ಹೂಡಿದ್ರು," ಎಂದು ಒಬ್ಬ ಅಂದ.

"ನಗಾಡಿ. ಮೊದ್ಲು ಹಳೇ ಕಟ್ಟಳೆ. ಒಬ್ಬೊಬ್ರು ಬಂದು ಬೇಲಿ ಹಾಕಿ."

ಮೂವರೂ ಕಡ್ಡಿಯ ಮೇಲೆ ಅಡ್ಡಲಾಗಿ ಬೆರಳಿಟ್ಟೆವು. ಕಡ್ಡಿ ಅಲ್ಲೇ ಇತ್ತು, ಯಾಕೆಂದರೆ ಬೇಲಿಯ ಜೊತೆ ತಡಬೆ ಇತ್ತು. ಯಾರು ಮೊದಲು ಹಾಕಲಿ, ಯಾರು ಆಮೇಲೆ ಹಾಕಲಿ, ಮೂವರೂ ಒಂದೇ ಸಲ ಹಾಕಲಿ, ತುದಿಮನೆಗೆ ದಾರಿ ಇದ್ದೇ ಇತ್ತು.

"ಈಗ ಹೊಸ ಕಟ್ಟಳೆ. ಮೇಷ್ಟ್ರೇ, ನೀವು ನೋಡಿ. ಇನ್ನೂ ಎರಡು ಕಡ್ಡಿ ಇದ್ಯಾ?"

"ಇದೆ."

"ಹಂಗಾರೆ ನಿಮ್ದು ತಗೀಬಹ್ದು ಅಲ್ದಾ? ಕೈ ಇಡಿ, ತಗೀಬೇಡಿ. ಮಾರಾಯ್ರೆ, ನೀವು ನೋಡಿ. ಬೇರೆ ಕಡ್ಡಿ ಇದ್ಯಾ?"

"ಇದೆ," ಅಂದರು ತೋಟದ ಮನೆಯವರು.

"ಕೈ ಇಡಿ. ನನ್ನ ಕಣ್ಣಿಗೂ ಎರಡು ಕಾಣ್ತಾ ಇದೆ, ನಾನೂ ಇಡ್ತೀನಿ. ಮೂರೂ ಜನದ್ದೂ ನ್ಯಾಯವೇ. ಈಗ ತಗೀರಿ."

ಮೂವರೂ ಒಟ್ಟಿಗೆ ಎತ್ತಿದೆವು. ತುದಿಮನೆಯ ಅಡಿಕೆ ಬೋಳು ನೆಲದ ಮೇಲೆ ಒಂಟಿಯಾಗಿ ಉಳಿಯಿತು. ಗೋಡೆಗೊರಗಿ ನಿಂತಿದ್ದ ಅವಳ ಮಗ ಮುಖ ಆಚೆ ತಿರುಗಿಸಿದ.

"ಇದು ಆಕಸ್ಮಿಕ ಅಲ್ಲ," ಎಂದೆ. "ಹಳೇದನ್ನ ಪಾಲಿಸಾಕೆ ನನ್ ಬೇಲಿ ಒಂದನ್ನ ನೋಡ್ಕಂಡ್ರೆ ಸಾಕಿತ್ತು. ಇದನ್ನ ಪಾಲಿಸಾಕೆ ಇಡೀ ಊರಿನ ಬೇಲಿ ನೋಡ್ಬೇಕು. ಅದೂ ಇವತ್ತಿಂದಲ್ಲ, ನಾಳೆಯದ್ದು. ಯಾರಿಗಿದೆ ಅಂಥಾ ಕಣ್ಣು? ನಾವು ಬದಲಾಯ್ಸಿದ್ದು ಒಂದೇ ಸಾಲು ಅಂದ್ಕಂಡ್ವಿ. ಅಷ್ಟಕ್ಕೇ ಊರು ಬೇರೆ ಊರೇ ಆಯ್ತು."

ಇಷ್ಟಾದ ಮೇಲೆ ಏನಾಗಬೇಕಿತ್ತು? ಆ ಸಾಲನ್ನು ಹೊಡೆದು ಹಾಕಬೇಕಿತ್ತು. ಆಗಲಿಲ್ಲ. ಮೇಷ್ಟ್ರು ತಲೆ ಕೆರೆದು, ಇದಕ್ಕೆ ಇನ್ನೊಂದು ಸಾಲು ಸೇರಿಸೋಣ ಅಂದರು. ದಾರಿ ಮುಚ್ಚುವವರು ಮೊದಲು ಪುಸ್ತಕದಲ್ಲಿ ಅರ್ಜಿ ಬರೆಯಲಿ, ಒಂದು ಅರ್ಜಿ ತೀರ್ಮಾನವಾಗುವವರೆಗೆ ಇನ್ನೊಂದನ್ನು ತೆಗೆದುಕೊಳ್ಳಬಾರದು. ಒಬ್ಬರಾದ ಮೇಲೆ ಒಬ್ಬರು ಮುಚ್ಚಿದರೆ ಕೊನೆಯ ದಾರಿಯಾದರೂ ಉಳಿಯುತ್ತದೆ. ಅದು ಸುಳ್ಳಲ್ಲ. ಆದರೆ ಅರ್ಜಿ ನೋಡುವವರು ಯಾರು ಎಂಬುದಕ್ಕೆ ಅರ್ಧ ಗಂಟೆ ಜಗಳವಾಯಿತು. ಈಗಾಗಲೇ ಮುಚ್ಚಿದ್ದನ್ನು ಮೊದಲು ಯಾರು ತೆರೆಯಬೇಕು ಎಂಬುದಕ್ಕೆ ಇನ್ನರ್ಧ ಗಂಟೆ. ತೋಟದ ಮನೆಯವರು, ಎಳೆ ಬಾಳೆ ಇರುವ ಜಾಗ ಅದು, ನೋಡೋಣ ಅಂದರು. ಮೇಷ್ಟ್ರು, ಕೊಯ್ಲು ಮುಗಿಯುವವರೆಗೆ ಕಷ್ಟ ಅಂದರು. ಮುಂದಿನ ತಿಂಗಳು ಮತ್ತೆ ಸೇರೋಣ ಎಂದು ಯಾರೋ ಹೇಳಿದ್ದಕ್ಕೆ ಎಲ್ಲರಿಗೂ ಬಿಡುಗಡೆಯಾದ ಹಾಗಾಯಿತು.

"ನಾಳೆ ಮಂಗಳವಾರ," ಎಂದೆ ನಾನು. ಚಪ್ಪಲಿ ಹುಡುಕುತ್ತಿದ್ದ ಜನಕ್ಕೆ ಕೇಳಿಸಲಿಲ್ಲ. "ಮುಂದಿನ ತಿಂಗಳವರೆಗೆ ಅವಳು ಉಚ್ಚೆ ಎಲ್ಲಿ ಹೊಯ್ಯಬೇಕು, ನಿಮ್ಮ ಪುಸ್ತಕದಲ್ಲಾ?" ಎಂದು ಜೋರಾಗಿ ಕೂಗಿದೆ. ಅದು ಎಲ್ಲರಿಗೂ ಕೇಳಿಸಿತು. ನನ್ನ ಮಗ ನಾಚಿಕೆಯಿಂದ ತಲೆ ತಗ್ಗಿಸಿದ.

ಆಗ ಮೊದಲ ಸಲ ತುದಿಮನೆಯವಳ ಮಗ ಬಾಯಿ ಬಿಟ್ಟ. ಸಿಟ್ಟಿರಲಿಲ್ಲ, ಮೆತ್ತಗೆ ಹೇಳಿದ.

"ಚಲೋ ಹೇಳಿದ್ರಿ ದೊಡ್ಡಮ್ಮಾ. ನಿಮ್ ಬೇಲಿ ಎಂತ ಮಾಡ್ತೀರಿ?"

ನಾನು ಅಡಿಕೆಯನ್ನೂ ಕಡ್ಡಿಯನ್ನೂ ಹೆಕ್ಕಿಕೊಂಡು ಮನೆಗೆ ಇಳಿದೆ. ಊರಿಗೆಲ್ಲ ಪಾಠ ಹೇಳಿದವಳ ಹಕ್ಕಲಿನಲ್ಲಿ ತಂತಿ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಮಗನನ್ನು ಎಬ್ಬಿಸಿದೆ.

"ಸ್ವಿಚ್ ಆಫ್ ಮಾಡು. ಸ್ಪ್ರಿಂಕ್ಲರ್ ಪೈಪು ಮಿಕ್ಕಿದ್ದು ಎಲ್ಲಿದೆ?"

"ಮೀಟಿಂಗಲ್ಲಿ ಇನ್ನೂ ತೀರ್ಮಾನ ಆಗಿಲ್ಲ ಅಮ್ಮಾ."

"ಅದು ಊರಿನ ತೀರ್ಮಾನ. ಇದು ನಮ್ಮ ಬೇಲಿ."

ಮಗ ಗೊಣಗುತ್ತಾ ಬಂದ. ದಾರಿ ಹಾಯುವಲ್ಲಿ ತಂತಿ ಕತ್ತರಿಸಿದ, ನಾನು ಹಾರೆಯಲ್ಲಿ ಗೇಣು ಆಳದ ಕಾಲುವೆ ತೋಡಿದೆ. ಪ್ಲಾಸ್ಟಿಕ್ ಸುತ್ತಿದ ವಯರನ್ನು ಪೈಪಿನೊಳಗೆ ತೂರಿಸಿ ನೆಲದಡಿಯಿಂದ ಆಚೆಯ ಕಂಬಕ್ಕೆ ಕೊಟ್ಟ. ಎರಡು ಕವಲುಮರ ಕಡಿದು ತಂದು ನೆಟ್ಟೆವು, ನಡುವೆ ಅಡ್ಡಕ್ಕೆ ದಪ್ಪ ಗಳು. ಎಲ್ಲ ಸೇರಿ ಒಂದೂಕಾಲು ಗಂಟೆ. ಬೇಲಿಯವನು 'ಆಗಲ್ಲ' ಅಂದದ್ದು ಈ ಒಂದೂಕಾಲು ಗಂಟೆಯ ಕೆಲಸಕ್ಕೆ. ನಾವು ನಂಬಿದ್ದೂ ಅದಕ್ಕೇ.

ಅತ್ತೆಯ ಕಲ್ಲು ಆಚೆಗೆ ಇದ್ದೇ ಇತ್ತು. ಅವಳ ಕಾಲು ಊದಿದೆ, ಅಷ್ಟು ಎತ್ತರ ಎತ್ತಲಾರಳು ಎಂದು ಅದರ ಮುಂದೆ ಇನ್ನೊಂದು ತಗ್ಗು ಕಲ್ಲು ಉರುಳಿಸಿ ತಂದು ಹಾಕಿದೆ. ಮೇಲೆ ನಿಂತು ಕುಣಿದು ನೋಡಿದೆ, ಅಲುಗಾಡಲಿಲ್ಲ. ಈ ಸಂದಿಯಲ್ಲಿ ಹಂದಿ ನುಗ್ಗಬಹುದು. ನುಗ್ಗಿದರೆ ಗೆಣಸು ಹೋಗುತ್ತದೆ.

ಏಳಕ್ಕೆ ಸ್ವಲ್ಪ ಮುಂಚೆ ಅವಳು ಬಂದಳು, ಹಿಂದಿನಿಂದ ಅವಳ ಮಗ. ಹೊಸ ಕವಲನ್ನು ನೋಡಿದಳು, ಕೆಸರಾದ ನನ್ನ ಸೀರೆಯನ್ನು ನೋಡಿದಳು.

"ಹಂದಿಗೆ ಬಾಗಿಲು ತೆಗೆದ್ರಾ ಅಕ್ಕಾ?"

"ಹೂಂ, ಬಾ. ಆ ಕೈ ಬೇಡ, ಬಲಗೈ ಕೊಡು."

ತಗ್ಗು ಕಲ್ಲು, ಎತ್ತರದ ಕಲ್ಲು, ಗಳು, ಈಚೆಯ ಕಲ್ಲು. ದಾಟಿದಳು. ಅವಳ ಚೀಲ ನಾನು ತೆಗೆದುಕೊಂಡೆ. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತುಕೊಂಡು ಡೈರಿಯವರೆಗೆ ಹತ್ತಿದೆವು. ಹಾರ್ನ್ ಹಾಕುವ ಮುಂಚೆಯೇ ನಾವು ಅಲ್ಲಿದ್ದೆವು. ಅವಳ ಮಗ ಅವಳನ್ನು ಬಸ್ಸು ಹತ್ತಿಸಿದ, ನಾನು ಚೀಲ ಕೊಟ್ಟೆ.

"ಎಂತ ಅಜ್ಜೀ, ನೀವೂ ಬರ್ತೀರಾ?" ಎಂದ ಕಂಡಕ್ಟರು.

"ನಂಗೆ ಕೆಲಸ ಇದೆ," ಎಂದೆ.

ಇತ್ತು. ಈಚೆ ಬದಿಗೆ ಹಾಕಿದ್ದು ಒಂದೇ ಕಲ್ಲು. ಮಧ್ಯಾಹ್ನ ಅವಳು ಸುಸ್ತಾಗಿ ವಾಪಸು ಬರುವಾಗ ಕಾಲು ಎತ್ತಬೇಕಾದದ್ದು ಈಚೆಯಿಂದಲೇ. ಇಳಿದು ಹೋಗಿ, ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಚಪ್ಪಡಿಯನ್ನು ಉರುಳಿಸಿಕೊಂಡು ಬಂದೆ.